ಪಡಸಾಲೆಯ ಸಮುದ್ರಕ್ಕೆ ನೀರು ಬೆರೆಸಿದವರು

ಅಜ್ಜಂಪುರದ ಹಾಲಿನ ಸಂಘದ ಕಾರ್ಯದರ್ಶಿ ದೇವೀರಪ್ಪ ಈ ಲೋಕದಲ್ಲಿ ನಂಬುತ್ತಿದ್ದದ್ದು ಒಂದನ್ನೇ. ಅದು ಲ್ಯಾಕ್ಟೋಮೀಟರು. ಗೇಣುದ್ದದ ಗಾಜಿನ ಕಡ್ಡಿ, ತಳದಲ್ಲೊಂದು ಬುರುಡೆ, ಮೇಲೆ ಗೆರೆಗಳು. ಹಾಲಿನಲ್ಲಿ ತೇಲಿಬಿಟ್ಟಾಗ ಇಪ್ಪತ್ತೆಂಟೋ ಮೂವತ್ತೋ ತೋರಿಸಿದರೆ ಹಾಲು ಗಟ್ಟಿ. ಇಪ್ಪತ್ತೈದಕ್ಕೆ ಇಳಿಯಿತೋ, ನೀರು ಬೆರೆತಿದೆ ಎಂದೇ ಅರ್ಥ. ಬೆರೆಸಿದವರ ಹೆಸರನ್ನು ಸಂಘದ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಮುಂದೆ ‘ನೀರು’ ಎಂದು ಸೇರಿಸಿ, ಎಂಟು ದಿನ ಅಳಿಸದೆ ಬಿಡುತ್ತಿದ್ದ. ಅದು ಅವನೇ ತಂದ ಪದ್ಧತಿ. ಸ್ವಂತ ಹೆಂಡತಿ ತೀರ್ಥಮ್ಮ ಮನೆಯ ಹಸುವಿನ ಹಾಲು ತಂದರೂ ಕಡ್ಡಿ ಅದ್ದದೆ ಬಿಟ್ಟವನಲ್ಲ. ಅವಳು ಎಲ್ಲರಂತೆ ಸಾಲಿನಲ್ಲಿ ನಿಂತು, ಕಡ್ಡಿ ಕುಣಿದು ನಿಲ್ಲುವ ತನಕ ಬೀದಿಯ ಕಡೆ ನೋಡುತ್ತಿರುತ್ತಿದ್ದಳು.

ಇಂಥವನಿಗೆ ಮೀನಿನ ಹುಚ್ಚು ಹಿಡಿದದ್ದು ಎಂಬತ್ತಮೂರನೇ ಇಸವಿಯಲ್ಲಿ, ತರಬೇತಿಗೆಂದು ಮಂಗಳೂರಿಗೆ ಹೋದಾಗ. ಒಂದು ಮಧ್ಯಾಹ್ನ ಎಲ್ಲರನ್ನೂ ಮೀನಿನ ಕಾಲೇಜಿಗೆ ಕರೆದೊಯ್ದರು. ಅಲ್ಲಿ ಗಾಜಿನ ತೊಟ್ಟಿಯೊಳಗೆ ಸಮುದ್ರದ ಮೀನುಗಳು ಓಡಾಡುತ್ತಿದ್ದವು. ಬೆಳ್ಳಿಯ ಮೈ, ಬೆನ್ನಿಗೆ ಹಳದಿ, ಅಡ್ಡಕ್ಕೆ ಐದು ಕಪ್ಪು ಪಟ್ಟೆ. ದೇವೀರಪ್ಪ ತೊಟ್ಟಿಯ ನಾಲ್ಕೂ ಮಗ್ಗುಲು ಸುತ್ತಿ ಬಂದ. ಎಲ್ಲಿಂದ ನೋಡಿದರೂ ಎಲ್ಲವೂ ಕಾಣುತ್ತಿತ್ತು. ಮುಚ್ಚಿಟ್ಟುಕೊಳ್ಳಲು ಆ ಮೀನುಗಳಿಗೆ ಜೇಬಿಲ್ಲ, ಮಡಿಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಅನುಮಾನ ಬರಲಿಲ್ಲ. ಆ ನೆಮ್ಮದಿ ಎಷ್ಟು ಹೊಸದಾಗಿತ್ತೆಂದರೆ, ಕರೆತಂದಿದ್ದ ಬಸ್ಸು ಬಿಟ್ಟು ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಅಲ್ಲಿ ಪಾಠ ಮಾಡುತ್ತಿದ್ದ ಹೊನ್ನಯ್ಯ ಮೇಷ್ಟ್ರು ಮೂಲತಃ ಕಡೂರಿನವರು. ನಮ್ಮ ಕಡೆಯವನು ಎಂಬ ಅಭಿಮಾನದಿಂದ, ಮನೆಯಲ್ಲಿ ಸಮುದ್ರ ಸಾಕುವುದು ಹೇಗೆಂದು ಎರಡು ಹಾಳೆ ತುಂಬ ಬರೆದು ಅಂಚೆಗೆ ಹಾಕಿದರು. ತೊಟ್ಟಿಗೆ ಕಬ್ಬಿಣದ ಕಟ್ಟು ಬೇಡ, ಉಪ್ಪು ಅದನ್ನು ತಿನ್ನುತ್ತದೆ. ತಳಕ್ಕೆ ತೂತಿನ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಕಪ್ಪೆಚಿಪ್ಪಿನ ಪುಡಿ ಹಾಸಬೇಕು. ಗಾಳಿ ಊದುವ ಪುಟ್ಟ ಮೋಟರು ಹಗಲೂ ರಾತ್ರಿ ನಡೆಯಬೇಕು. ಉಪ್ಪಿನಂಶ ಅಳೆಯಲು ಬೇರೆ ಯಂತ್ರ ಬೇಡ, ನಿಮ್ಮ ಲ್ಯಾಕ್ಟೋಮೀಟರೇ ಸಾಕು, ಸಮುದ್ರದ ನೀರು ಇಪ್ಪತ್ತೈದು ತೋರಿಸುತ್ತದೆ. ಕೊನೆಯ ಸಾಲು ಹೀಗಿತ್ತು: ‘ತೊಟ್ಟಿಯ ನೀರು ಇಂಗಿದಾಗಲೆಲ್ಲ ಬಾವಿಯ ಸಿಹಿನೀರು ಹಾಕಿ, ಉಪ್ಪುನೀರು ಹಾಕಬೇಡಿ.’

ದೇವೀರಪ್ಪ ಆ ಸಾಲನ್ನು ನಾಲ್ಕು ಸಲ ಓದಿದ. ಸಮುದ್ರದ ಮೀನಿಗೆ ಬಾವಿಯ ನೀರಂತೆ! ಮೇಷ್ಟ್ರು ತೂಕಡಿಸುತ್ತ ಬರೆದಿರಬೇಕು, ಇಲ್ಲವೇ ತನ್ನನ್ನು ಪರೀಕ್ಷೆ ಮಾಡುತ್ತಿರಬೇಕು. ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಕಾಗದವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ಇಪ್ಪತ್ತೈದು ಎನ್ನುವುದರ ಮೇಲೂ ಅವನಿಗೆ ಒಂದು ಕಣ್ಣಿತ್ತು. ಮಂಗಳೂರಿನ ಹತ್ತಿರ ಹೊಳೆಗಳು ಸಮುದ್ರಕ್ಕೆ ಬೀಳುತ್ತವೆ, ಆ ಸಮುದ್ರಕ್ಕೂ ಒಂಚೂರು ನೀರು ಬಿದ್ದಿದೆ ಎಂದುಕೊಂಡ.

ಸಾಮಾನು ಹೊಂದಿಸುವುದರಲ್ಲೇ ಮೂರು ತಿಂಗಳು ಕಳೆಯಿತು. ತರೀಕೆರೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಪಂಚಾಕ್ಷರಪ್ಪ, ಬೆಂಗಳೂರಿನಿಂದ ಅಂಟು ತರಿಸಿ, ಬರೀ ಗಾಜಿನಲ್ಲೇ ಎರಡೂವರೆ ಅಡಿಯ ತೊಟ್ಟಿ ಕೂಡಿಸಿದ. ಸೋರುತ್ತದೇನೋ ಎಂದು ದೇವೀರಪ್ಪ ನೀರು ತುಂಬಿಸಿ, ಶಾಯಿಯಲ್ಲಿ ಗೆರೆ ಎಳೆದು, ಎಂಟು ದಿನ ಅಂಗಡಿಯಲ್ಲೇ ಇಡಿಸಿದ. ಎಂಟನೆಯ ದಿನ ಬಸ್ಸಿಳಿದು ಹೋಗಿ ನೋಡಿದರೆ ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು.

“ಸೋರ್ತದೆ ನೋಡಯ್ಯ! ನಂಗೊತ್ತಿತ್ತು.”

ಪಂಚಾಕ್ಷರಪ್ಪ ತೊಟ್ಟಿಯ ಅಡಿಯಿಂದ ಹಳೇ ಪೇಪರನ್ನು ಎಳೆದು ತೋರಿಸಿದ. ಅದು ಗರಿಗರಿಯಾಗಿ ಒಣಗಿತ್ತು. “ಸೋರಿದ್ರೆ ಇದು ನೆನೀಬೇಕಿತ್ತಲ್ಲ ಸ್ವಾಮಿ? ಬಿಸ್ಲು ಕುಡ್ಕಂಡೈತೆ. ಅದ್ರ ಮೇಲೂ ಕೇಸ್ ಹಾಕ್ತೀರೋ?”

ಗಾಳಿಯ ಮೋಟರು ಬೆಂಗಳೂರಿನಿಂದ ರೈಲಿನಲ್ಲಿ ಬಂತು. ಕರೆಂಟು ಹೋದಾಗ ಗಾಳಿ ಬೇಕಲ್ಲ, ಅದಕ್ಕೆ ಕಡೂರಿನ ಟಯರ್ ಅಂಗಡಿಯಲ್ಲಿ ಲಾರಿಯ ಹಳೇ ಟ್ಯೂಬು ಆರಿಸಿ, ಬಾಯಿಗೆ ಸಣ್ಣ ತಿರುಪು ಹಾಕಿಸಿಕೊಂಡ. ಗಾಳಿ ತುಂಬಿಟ್ಟರೆ ನಾಲ್ಕು ಗಂಟೆ ಗುಳುಗುಳು ಎನ್ನುತ್ತಿತ್ತು. ಮಂಗಳೂರಿಗೆ ಈರುಳ್ಳಿ ಸಾಗಿಸುವ ಲಾರಿ ಡ್ರೈವರ್ ಚಿಕ್ಕಬೀರಪ್ಪ, ಎಂಟು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಮುದ್ರದ ನೀರನ್ನೂ ಮೇಷ್ಟ್ರು ಕೊಟ್ಟ ಮೂರು ಮೀನನ್ನೂ ತಂದಿಳಿಸಿದ. ದಾರಿಯ ನಲ್ಲಿಯಲ್ಲಿ ಹಿಡಿದು ಅಡಿಗೆ ಉಪ್ಪು ಕಲಸಿದ್ದಾನೆಯೇ ಎಂದು ಎಂಟು ಕ್ಯಾನಿಗೂ ಕಡ್ಡಿ ಅದ್ದಿ ನೋಡಿದ್ದಾಯಿತು. ಎಂಟೂ ಇಪ್ಪತ್ತೈದು ತೋರಿಸಿದವು. ಐದು ಕ್ಯಾನು ತೊಟ್ಟಿಗೆ ಸುರಿದ, ಮೂರನ್ನು ಬೀಗ ಹಾಕಿಟ್ಟ.

“ಲಿಂಗ ಕಟ್ದೋರ ಮನೆ ಒಳಕ್ಕೆ ಮೀನಾ?” ಎಂದು ತೀರ್ಥಮ್ಮ ಮೂಗು ಮುರಿದಳು. “ಮಠದ ಅಯ್ನೋರು ಬಂದ್ರೆ ಏನಂತೀರಿ?”

“ತಿನ್ನಕ್ಕಲ್ಲ ಕಣೇ, ನೋಡಕ್ಕೆ.”

“ನೋಡ್ಕಳಿ. ಪಡಸಾಲೆ ದಾಟಿ ಒಳಗ್ ಬರ್ಬಾರ್ದು. ಸಿಗಡಿ ಪುಡಿ ಗಿಗಡಿ ಪುಡಿ ಅಂತ ತಂದ್ರೆ ನಾನಿರಲ್ಲ.”

ಮೀನುಗಳಿಗೆ ಬೇಯಿಸಿದ ಸೊಪ್ಪೂ ಅಕ್ಕಿಯ ನುಚ್ಚೂ ಗತಿಯಾಯಿತು. ಪಾಪ, ಅವು ಅದನ್ನೇ ತಿಂದುಕೊಂಡು ಸುಖವಾಗಿದ್ದವು. ದೇವೀರಪ್ಪ ಸಂಜೆ ಸಂಘದಿಂದ ಬಂದವನೇ ಕುರ್ಚಿ ಹಾಕಿಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದ. ಊಟಕ್ಕೆ ನಾಲ್ಕು ಸಲ ಕರೆದರೂ ಏಳುತ್ತಿರಲಿಲ್ಲ. ದಿನಕ್ಕೆ ಅರ್ಧ ಬೆರಳಿನಷ್ಟು ನೀರು ಇಳಿಯುತ್ತಿತ್ತು. ಬೀಗ ತೆಗೆದು ಕ್ಯಾನಿನ ಉಪ್ಪುನೀರನ್ನು ಗೆರೆಯ ತನಕ ತುಂಬಿಸುತ್ತಿದ್ದ. ಹತ್ತು ದಿನದಲ್ಲಿ ಕಡ್ಡಿ ಇಪ್ಪತ್ತೊಂಬತ್ತಕ್ಕೆ ಏರಿತು. ಹಾಲಿನ ಅಭ್ಯಾಸದವನಿಗೆ ಅದನ್ನು ಕಂಡು ಸಂತೋಷವೇ ಆಯಿತು. ನಮ್ಮ ಮನೆಯ ಸಮುದ್ರ ಗಟ್ಟಿಯಾಗುತ್ತಿದೆ ಎಂದು ಸಂಘದಲ್ಲಿ ಹೇಳಿಕೊಂಡ.

ಹನ್ನೊಂದನೆಯ ದಿನ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು.

ಅದನ್ನು ಹಿತ್ತಿಲಲ್ಲಿ ಹೂಳುವಾಗ ದೇವೀರಪ್ಪನ ತಲೆಯಲ್ಲಿ ಊರಿನ ಜನವೆಲ್ಲ ಸಾಲಾಗಿ ಬಂದು ಹೋದರು. ಹಲಗೆಯ ಮೇಲೆ ಹೆಸರು ಬಂದವರು ಎಷ್ಟು ಜನ! ಯಾರೋ ಹೊಟ್ಟೆಯುರಿಗೆ ಏನೋ ಹಾಕಿದ್ದಾರೆ. ಅಂದಿನಿಂದ ದಿನಕ್ಕೆರಡು ಸಲ ಕಡ್ಡಿ ಅದ್ದತೊಡಗಿದ. ನೋಡಿದರೆ, ತಾನು ಉಪ್ಪುನೀರು ಹಾಕದಿದ್ದರೂ ಬೆಳಗಿನ ಹಾಲು ಮುಗಿಸಿ ಬರುವಷ್ಟರಲ್ಲಿ ತೊಟ್ಟಿ ಗೆರೆಯ ತನಕ ತುಂಬಿರುತ್ತಿತ್ತು. ಕೆಲವು ದಿನ ಗೆರೆಗಿಂತ ಮೇಲೇ ಇತ್ತು. ಯಾರೋ ನೆಲ ಒರೆಸಿದ ಗುರುತೂ, ತೊಟ್ಟಿಯಿಂದ ಒಂದೆರಡು ಚೊಂಬು ತೆಗೆದು ಹಿತ್ತಿಲಿಗೆ ಚೆಲ್ಲಿದ ಗುರುತೂ ಇರುತ್ತಿತ್ತು. ಕಡ್ಡಿ ಇಪ್ಪತ್ತೆಂಟಾಯಿತು, ಇಪ್ಪತ್ತೇಳಾಯಿತು, ಇಪ್ಪತ್ತಾರಾಯಿತು. ಸಂಘದಲ್ಲಿ ಜನ ಹಾಲಿಗೆ ನೀರು ಬೆರೆಸುತ್ತಾರೆ, ಇಲ್ಲಿ ಯಾರೋ ಸಮುದ್ರಕ್ಕೇ ಬೆರೆಸುತ್ತಿದ್ದಾರೆ! ಉಳಿದೆರಡು ಮೀನು ಈಗ ಸೊಪ್ಪಿಗೆ ಮೊದಲಿಗಿಂತ ಚುರುಕಾಗಿ ಬಾಯಿ ಹಾಕುತ್ತಿದ್ದವು. ಅದು ಅವನ ಕಣ್ಣಿಗೆ ಬೀಳಲಿಲ್ಲ. ಅವನ ಕಣ್ಣು ಕಡ್ಡಿಯ ಮೇಲಿತ್ತು.

ಕಡ್ಡಿ ಇಪ್ಪತ್ತೈದಕ್ಕೆ ಇಳಿದ ಮಾರನೆಯ ದಿನ, ಬೆಳಗಿನ ಹಾಲಿಗೆ ಹೊರಟವನಂತೆ ಚಪ್ಪಲಿ ಸದ್ದು ಮಾಡಿಕೊಂಡು ಹೋಗಿ, ಹಿತ್ತಿಲಿಂದ ಬರಿಗಾಲಲ್ಲಿ ವಾಪಸು ಬಂದ. ತೀರ್ಥಮ್ಮ ಪಡಸಾಲೆಯಲ್ಲಿದ್ದಳು. ಬಾವಿಯ ನೀರಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಮೀನಿಗೆ ಏಟು ಬೀಳದ ಹಾಗೆ ಮೆಲ್ಲಗೆ, ಗಾಜಿನ ಅಂಚಿಗೇ ಸುರಿಯುತ್ತಿದ್ದಳು.

“ಸಿಕ್ತಲ್ಲ!” ಎಂದು ದೇವೀರಪ್ಪ ಕೂಗಿದ. “ಊರೋರ್ನೆಲ್ಲ ಹಿಡ್ದೆ, ಮನೇಲೇ ಕಳ್ಳಿ ಇದ್ಲು!”

ಚೊಂಬು ಅವಳ ಕೈಯಲ್ಲೇ ನಿಂತಿತು. “ಯಾರ್ರೀ ಕಳ್ಳಿ? ಇಲ್ಕೇಳಿ…”

“ಏನ್ ಕೇಳೋದು? ಮೊದ್ಲೇ ನಿಂಗೆ ಮೀನು ಕಂಡ್ರೆ ಆಗ್ತಿರ್ಲಿಲ್ಲ. ಒಂದನ್ನ ಕೊಂದೆ, ಇನ್ನೆರಡಕ್ಕೂ ಮುಹೂರ್ತ ಇಟ್ಟಿದ್ಯಾ. ನಾಳೆ ನಂಗೇನ್ ಬೆರೆಸ್ತೀಯೋ!”

ತೀರ್ಥಮ್ಮ ಅವನ ಮುಖವನ್ನು ನೋಡಿದಳು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮುಖ ಅದು. ಚೊಂಬನ್ನು ತೊಟ್ಟಿಯ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಆ ಮಹಾಶಯ ಅದೇ ಸಿಟ್ಟಿನಲ್ಲಿ ಸಂಘಕ್ಕೆ ಹೋಗಿ, ಹಲಗೆ ಒರೆಸಿ, ದಪ್ಪ ಅಕ್ಷರದಲ್ಲಿ ಬರೆದ: ‘ತೀರ್ಥಮ್ಮ – ನೀರು.’ ತೊಟ್ಟಿಯ ಕತೆ ಯಾರಿಗೆ ಗೊತ್ತು? ಕಾರ್ಯದರ್ಶಿಯ ಹೆಂಡತಿಯೇ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದಳೆಂದು ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕಿತು. ಸಂಜೆ ಹಾಲಿನ ಕ್ಯಾನು ಹಿಡಿದು ಬಂದ ತೀರ್ಥಮ್ಮ ಹಲಗೆಯನ್ನು ಓದಿದಳು. ಅಲ್ಲಿಂದಲೇ ತಿರುಗಿ, ಹಸು ಕರೆಯುವ ಕೆಲಸವನ್ನು ಪಕ್ಕದ ಮನೆಯ ಕೆಂಚಮ್ಮನಿಗೆ ಒಪ್ಪಿಸಿ, ಚೌಳಹಿರಿಯೂರಿನ ತಮ್ಮನ ಮನೆಗೆ ಬಸ್ಸು ಹತ್ತಿದಳು.

ದೇವೀರಪ್ಪ ಪಡಸಾಲೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಸಮುದ್ರವನ್ನು ಮತ್ತೆ ಗಟ್ಟಿ ಮಾಡಬೇಕಲ್ಲ, ದಿನಾ ಕ್ಯಾನಿನ ನೀರು ಸುರಿದ. ಇಪ್ಪತ್ತೇಳು. ಇಪ್ಪತ್ತೊಂಬತ್ತು. ಹದಿನೈದನೆಯ ದಿನಕ್ಕೆ ಮೂವತ್ತೊಂದು. ಅಂದು ಬೆಳಿಗ್ಗೆ ಎರಡನೆಯ ಮೀನು ಸತ್ತಿತ್ತು. ಮೂರನೆಯದು ಮೂಲೆಯಲ್ಲಿ ಓರೆಯಾಗಿ ನಿಂತು, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಪಟ್ಟೆಗಳು ಬಣ್ಣಗೆಟ್ಟಿದ್ದವು.

ಯಾರು? ಅಭ್ಯಾಸಬಲದಿಂದ ದೇವೀರಪ್ಪ ಲೆಕ್ಕ ಹಾಕಿದ. ತೀರ್ಥಮ್ಮ ಊರಲ್ಲಿಲ್ಲ. ಕೆಂಚಮ್ಮ ಕೊಟ್ಟಿಗೆ ಬಿಟ್ಟು ಈಚೆ ಬಂದವಳಲ್ಲ. ಬೀಗ ಭದ್ರವಾಗಿದೆ. ಹಾಗಾದರೆ ತೊಟ್ಟಿ ಸೋರುತ್ತಿರಬೇಕೆಂದು ಅಡಿಯಲ್ಲಿಟ್ಟಿದ್ದ ಪೇಪರನ್ನು ಎಳೆದ. ಗರಿಗರಿಯಾಗಿತ್ತು. ಬಿಸಿಲು ಕುಡಿದಿದೆ ಎಂದು ಪಂಚಾಕ್ಷರಪ್ಪ ಹೇಳಿದ್ದು ನೆನಪಾಯಿತು. ಬಗ್ಗಿ ಏಳುವಾಗ ಗಾಜಿನ ಅಂಚು ಹಿಡಿದುಕೊಂಡ. ಅಂಗೈಗೆ ಏನೋ ತರಿತರಿಯಾಗಿ ಹತ್ತಿತು. ಬೆಳ್ಳಗಿತ್ತು. ನಾಲಿಗೆಗೆ ಹಚ್ಚಿ ನೋಡಿದ.

ಉಪ್ಪು. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಬಿಟ್ಟು ಹೋಗಿತ್ತು. ಆ ಉಪ್ಪಿನ ಮೇಲೆ ದಿನಾ ಇನ್ನಷ್ಟು ಉಪ್ಪುನೀರು ಸುರಿದವನು ಒಬ್ಬನೇ. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಅನುಮಾನ ಪಡಲು ಆ ಮನೆಯಲ್ಲಿ ಇನ್ನಾರೂ ಉಳಿದಿರಲಿಲ್ಲ.

ಗೋಡೆಯ ಮೊಳೆಯಿಂದ ಕಾಗದ ತೆಗೆದ. ಕೆಂಪು ಶಾಯಿಯ ಅಡಿಯಲ್ಲಿ ಮೇಷ್ಟ್ರ ಸಾಲು ಚೆನ್ನಾಗಿಯೇ ಕಾಣುತ್ತಿತ್ತು. ತೀರ್ಥಮ್ಮ ಇಟ್ಟುಹೋದ ಚೊಂಬು ಇನ್ನೂ ಅಲ್ಲೇ ಇತ್ತು. ದೇವೀರಪ್ಪ ಅದನ್ನು ಎತ್ತಿಕೊಂಡ. ಬಾವಿಯಿಂದ ಒಂದು ಚೊಂಬು ನೀರು ತಂದು, ಅವಳು ಸುರಿಯುತ್ತಿದ್ದ ಹಾಗೆಯೇ ಅಂಚಿಗೆ ಸುರಿದ. ಆಮೇಲೆ ಬಾಗಿಲನ್ನು ತೆರೆದೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದ.

ಚೌಳಹಿರಿಯೂರಿನಲ್ಲಿ ತೀರ್ಥಮ್ಮ ಜಗಲಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಗಂಡನನ್ನು ಕಂಡರೂ ಏಳಲಿಲ್ಲ.

“ಎಷ್ಟು ಉಳಿದಾವೆ?” ಎಂದಳು.

“ಒಂದು.”

“ಕಡ್ಡಿ ಎಷ್ಟ್ ತೋರಿಸ್ತು?”

“ಮೂವತ್ತೊಂದು.”

“ಒಂದೇ ಸಲ ಸುರಿದ್ರೆ ಅದೂ ಹೋಗ್ತದೆ. ಒಂದ್ ಚೊಂಬು ತೆಗೀರಿ, ಒಂದ್ ಚೊಂಬು ಹಾಕಿ. ದಿನಕ್ಕೆ ಮೂರ್ ಸಲ.”

ದೇವೀರಪ್ಪ ಜಗಲಿಯ ಅಂಚಿಗೆ ಕೂತ. “ನಾನು ಹೊಡೆದಾಕಿದ್ ಸಾಲು ನೀನ್ಯಾಕೆ ನಂಬಿದ್ಯೇ?”

“ನಿಮ್ಜೊತೆ ಬಾಳಿಲ್ವಾ? ನೀವು ಹೊಡೆದಾಕಿದ್ರಿ ಅಂದ್ಮೇಲೆ ಅದು ನಿಜಾನೇ ಇರ್ಬೇಕು ಅಂದ್ಕಂಡೆ.” ಮೆಣಸಿನಕಾಯಿಯ ತೊಟ್ಟನ್ನು ಪಟ್ಟನೆ ಮುರಿದಳು. “ಮೊದಲ್ನೇದು ಸತ್ತಾಗ ನೀವು ಊಟ ಬಿಟ್ರಲ್ಲ, ನೋಡಕ್ಕಾಗ್ಲಿಲ್ಲ ನಂಗೆ.”

ಅವನು ತಲೆ ತಗ್ಗಿಸಿದ. ತಪ್ಪಾಯ್ತು ಎನ್ನುವ ಮಾತು ಬಾಯಿಗೆ ಬಂತು. ಆ ಮಾತನ್ನು ಅವನು ಹಿಂದೆಂದೂ ಆಡಿರಲಿಲ್ಲ, ಆದರೂ ಆಡಿದ. ತೀರ್ಥಮ್ಮ ಕೇಳಿಸಿಕೊಂಡಳು.

“ಊರೆಲ್ಲ ಓದೋ ಹಂಗೆ ಬರ್ದಿದ್ರಿ. ಇಲ್ಬಂದು ಕಿವೀಲಿ ಹೇಳಿದ್ರೆ ಆಯ್ತಾ?” ಎಂದಳು.

ಮಾರನೆಯ ಬೆಳಿಗ್ಗೆ ಹಾಲು ತಂದ ಜನ ಹಲಗೆಯ ಮುಂದೆ ಗುಂಪುಗೂಡಿದರು. ‘ದೇವೀರಪ್ಪ – ಉಪ್ಪು’ ಎಂದು ಬರೆದಿತ್ತು. ಕಾರ್ಯದರ್ಶಿಗಳು ಹಾಲಿಗೆ ಉಪ್ಪು ಹಾಕಿದರೇ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ದೇವೀರಪ್ಪ ಬಾಗಿಲಿಗೆ ಬಂದು ನಿಂತು, ಮೀನಿನ ಕತೆಯನ್ನೆಲ್ಲ ಹೇಳಿದ. “ತೀರ್ಥಮ್ಮ ಹಾಲಿಗೆ ನೀರು ಹಾಕ್ದೋಳಲ್ಲ. ಒಂದು ದಿನಾನೂ ಇಲ್ಲ. ನಾನೇ ಸುಳ್ ಬರ್ದೆ,” ಎಂದ. ಕೆಲವರು ನಕ್ಕರು. ಅವನು ನಗಲು ಬಿಟ್ಟ.

ಎಂಟು ದಿನವೂ ಆ ಹೆಸರನ್ನು ಅಳಿಸಲಿಲ್ಲ, ಉಳಿದ ಮೀನಿಗೆ ದಿನಕ್ಕೆ ಮೂರು ಸಲ ಚೊಂಬು ತೆಗೆದು ಹಾಕುವುದನ್ನೂ ತಪ್ಪಿಸಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ, ಹಿಂದಿನ ಸಂಜೆಯ ಬಸ್ಸಿಗೆ ಬಂದಿದ್ದ ತೀರ್ಥಮ್ಮ, ಹಸುವಿನ ಹಾಲು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ದೇವೀರಪ್ಪ ಲ್ಯಾಕ್ಟೋಮೀಟರನ್ನು ಪಕ್ಕಕ್ಕಿಟ್ಟು, ಅವಳ ಹಾಲನ್ನು ನೇರವಾಗಿ ದೊಡ್ಡ ಕ್ಯಾನಿಗೆ ಸುರಿಯಲು ಹೋದ.

ತೀರ್ಥಮ್ಮ ಅವನ ಮಣಿಕಟ್ಟು ಹಿಡಿದಳು.

“ಅದ್ದಿ,” ಎಂದಳು.

“ಬೇಡ ಕಣೇ.”

“ಅದ್ದಿ ಅಂದೆ. ನಂಗೂ ಈಗ ನಿಮ್ಮೇಲೆ ನಂಬ್ಕೆ ಇಲ್ಲ. ಎಷ್ಟು ಅಂತ ಎಲ್ಲರ್ಗೂ ಕೇಳೋ ಹಂಗೆ ಹೇಳಿ.”

ದೇವೀರಪ್ಪ ಕಡ್ಡಿಯನ್ನು ಹಾಲಿಗೆ ಬಿಟ್ಟ. ಅದು ಕುಣಿಯಿತು, ನಿಧಾನವಾಯಿತು, ನಿಂತಿತು. ಈ ಸಲ ತೀರ್ಥಮ್ಮ ಬೀದಿಯ ಕಡೆ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು.

“ಮೂವತ್ತು,” ಎಂದ. ಸಾಲಿನ ಕೊನೆಯವರಿಗೆ ಕೇಳಲಿಲ್ಲ. ಅವಳು ಕೈ ಬಿಡಲಿಲ್ಲ. ದೇವೀರಪ್ಪ ಸಾಲಿನ ಕಡೆ ತಿರುಗಿ ಇನ್ನೊಂದು ಸಲ, ಜೋರಾಗಿ ಹೇಳಿದ.