ಜುಡಿತ್ ಹೇಳಬೇಕಿದ್ದ ಮಾತು

ಸೇವೆನ್ ಎಂಬ ಬೆಟ್ಟಸೀಮೆಯಲ್ಲಿ ಆಗ ನೆಮ್ಮದಿಯಾಗಿ ಸಾಯುವ ಹಾಗೂ ಇರಲಿಲ್ಲ. ಪ್ರೊಟೆಸ್ಟಂಟರ ಪ್ರಾರ್ಥನಾ ಮಂದಿರಗಳನ್ನು ಕೆಡವಿ ಹದಿಮೂರು ವರ್ಷವಾಗಿತ್ತು. ರಾಜನ ಲೆಕ್ಕದಲ್ಲಿ ಎಲ್ಲರೂ ಕ್ಯಾಥೊಲಿಕರು. ಕೊನೆಗಾಲದಲ್ಲಿ ಪಾದ್ರಿ ತಂದ ಪ್ರಸಾದವನ್ನು ಬೇಡವೆಂದು ಸತ್ತರೆ ಹೆಣವನ್ನು ಬೋರಲು ಹಾಕಿ, ಬೀದಿಯುದ್ದಕ್ಕೂ ಎಳೆದು ತಿಪ್ಪೆಗೆ ಎಸೆಯುತ್ತಿದ್ದರು. ಮನೆ ಜಪ್ತಿ, ಮಕ್ಕಳು ಕ್ಯಾಥೊಲಿಕ್ ಸನ್ಯಾಸಿನಿಯರ ಮಠದ ಪಾಲು. ಮಾತು ನಿಂತವರನ್ನು ಮಾತ್ರ ಏನೂ ಕೇಳುತ್ತಿರಲಿಲ್ಲ. ಹಣೆಗೆ ಕೊನೆಗಾಲದ ಪವಿತ್ರ ಎಣ್ಣೆ ಹಚ್ಚಿ ಹೋಗಿಬಿಡುತ್ತಿದ್ದರು.

ಜಕರಿಯ ಹೆಂಡತಿ ಜುಡಿತ್ ಬೇಡವೆನ್ನಲು ನಿಶ್ಚಯಿಸಿದ್ದಳು. ಹಿಂದೆ ಸಿಪಾಯಿಗಳು ಅವಳ ಹಸುಗೂಸನ್ನು ಕಿತ್ತುಕೊಂಡು, ಅದು ಅತ್ತು ಅತ್ತು ಸೊರಗಿದರೂ ಹಾಲೂಡಿಸಲು ಬಿಡದೆ, ಪ್ರೊಟೆಸ್ಟಂಟ್ ಮತ ಬಿಟ್ಟೆನೆಂದು ಅವಳಿಂದ ರುಜು ಹಾಕಿಸಿಕೊಂಡಿದ್ದರು. ಕೂಸು ಆ ಚಳಿಗಾಲ ದಾಟಲಿಲ್ಲ. ಅಂದಿನಿಂದ ಆ ರುಜು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಅವಳಿಗೆ ಜ್ವರ ಏರಿದಾಗ ಜಕರಿ ಕಾಲು ಹಿಡಿಯುವುದೊಂದು ಬಾಕಿ. ಒಂಬತ್ತು ವರ್ಷದ ಮಗಳು ಎಸ್ತೇರಳ ಗತಿಯೇನೆಂದು ಕೇಳಿದ. ಸುಮ್ಮನೆ ಕಣ್ಣು ಮುಚ್ಚಿಕೊಂಡಿರು, ದೇವರಿಗೆ ಎಲ್ಲ ಗೊತ್ತಾಗುತ್ತದೆ ಎಂದ.

"ದೇವರಿಗೆ ಗೊತ್ತಿರ್ಲಿ ಬಿಡು, ನನ್ನ ಬಾಯಿಗೆ ಗೊತ್ತಾಗ್ಬೇಕು. ಎಸ್ತೇರ್‌ನ ನನ್ನ ತಂಗಿ ಬೆಟ್ಟದಾಚೆ ದಾಟಿಸ್ತಾಳೆ. ನೀನು ಮಾತ್ರ ಮಧ್ಯ ಬಾಯಿ ಹಾಕ್ಬೇಡ ಮಾರಾಯ. ಮದುವೆಯಾದಾಗಿಂದ ಹಾಕಿದ್ದು ಸಾಕು," ಎಂದು ನಕ್ಕಳು. ಅವನೂ ನಕ್ಕು, ಆಗಲಿ ಎಂದ.

ಮರುದಿನ ಪಾದ್ರಿ ಇಬ್ಬರು ಸಾಕ್ಷಿಗಳೊಂದಿಗೆ ಬಂದ. ಮಂಚದ ಬಳಿ ಬಗ್ಗಿ, ಪ್ರಸಾದ ತೆಗೆದುಕೊಳ್ಳುತ್ತೀಯಾ ಮಗಳೇ ಎಂದು ಕೇಳಿದ. ಜುಡಿತ್ ಉಸಿರು ಎಳೆದುಕೊಂಡಳು. ಆ ಉಸಿರು ಮಾತಾಗುವ ಮೊದಲೇ ಜಕರಿಯ ಕಣ್ಣಿಗೆ ಬೀದಿಯಲ್ಲಿ ಎಳೆದೊಯ್ಯುವ ಅವಳ ತಲೆಗೂದಲು ಕಂಡಿತು. ಅವನು ಮಧ್ಯೆ ಬಾಯಿ ಹಾಕಿದ.

"ಅವಳಿಗೆ ಮಾತು ನಿಂತೋಗಿದೆ ಸ್ವಾಮಿ. ಬೆಳಿಗ್ಗೆಯಿಂದ ಒಂದು ಮಾತೂ ಹೊರಟಿಲ್ಲ."

ಜುಡಿತ್ ಕಣ್ಣು ತೆರೆದು ಅವನನ್ನೇ ನೋಡಿದಳು. ಈಗ ಅವಳು ಬಾಯಿ ತೆರೆದರೆ ಪಾದ್ರಿಗೆ ಸುಳ್ಳು ಹೇಳಿದ ತಪ್ಪಿಗೆ ಗಂಡ ರಾಜನ ಹಡಗಿನಲ್ಲಿ ಸರಪಳಿ ಬಿಗಿಸಿಕೊಂಡು ಸಾಯುವವರೆಗೆ ಹುಟ್ಟು ಹಾಕಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಅವಳು ತುಟಿ ಮುಚ್ಚಿದಳು. ಪಾದ್ರಿ ಎಣ್ಣೆ ಹಚ್ಚಿದ.

ಪಾದ್ರಿಗೇನು ಅನುಮಾನ ಬಂತೋ, ಕ್ಲೋದಿನ್ ಎಂಬ ಮುದುಕಿಯನ್ನು ಕಾವಲಿಗೆ ಕೂರಿಸಿ ಹೋದ. ಮುದುಕಿ ಕೆಟ್ಟವಳಲ್ಲ, ಆದರೆ ಜಾಗ ಬಿಟ್ಟು ಕದಲುವವಳೂ ಅಲ್ಲ. ಆರು ದಿನ ಜುಡಿತ್ ನೀರು ಬೇಕೆಂದೂ ಕೇಳಲಿಲ್ಲ. ಮಗಳು ತಬ್ಬಿಕೊಂಡು ಅತ್ತಾಗಲೂ ಅವಳ ಹೆಸರು ಕರೆಯಲಿಲ್ಲ, ತಲೆ ಸವರಿದಳು ಅಷ್ಟೆ. ಜಕರಿ ಮೂಲೆಯಲ್ಲಿ ಕೂತು ಅದನ್ನೆಲ್ಲ ನೋಡಿದ. ತಾನು ಅವಳನ್ನು ಉಳಿಸಲಿಲ್ಲ, ಬಾಯಿ ಹೊಲಿದೆ ಎಂದು ಅವನಿಗೆ ಅರ್ಥವಾಯಿತು.

ಏಳನೆಯ ದಿನ ಮುದುಕಿ ಸೌದೆ ತರಲು ಹಿತ್ತಲಿಗೆ ಹೋದಳು. ಜಕರಿ ಓಡಿಬಂದು ಮಂಚದ ಪಕ್ಕ ಮೊಣಕಾಲೂರಿದ.

"ಈಗ ಯಾರೂ ಇಲ್ಲ ಕಣೆ. ಬೈ ನನ್ನ. ಏನಾದ್ರೂ ಅನ್ನು."

ಜುಡಿತ್ ಬಾಯಿ ತೆರೆದಳು. ನಾಲಗೆ ಕದಲಿತು, ತುಟಿ ಕದಲಿತು. ಸದ್ದು ಬರಲಿಲ್ಲ. ಎರಡನೆಯ ಸಲ ಪ್ರಯತ್ನಿಸುವಷ್ಟರಲ್ಲಿ ಮುದುಕಿ ಸೌದೆ ಹೊತ್ತು ಒಳಬಂದಳು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು.

ಪಾದ್ರಿಯೇ ಮುಂದೆ ನಿಂತು ಮಣ್ಣು ಮಾಡಿಸಿದ. ಒಳ್ಳೆಯ ಕ್ಯಾಥೊಲಿಕ್ ಸಾವು ಎಂದು ಊರು ಹೊಗಳಿತು; ಜಕರಿ ತಲೆಯಾಡಿಸಿದ. ಎರಡು ದಿನದ ಮೇಲೆ ಜುಡಿತಳ ತಂಗಿ ಸುಜಾನ್ ಬೆಟ್ಟ ಇಳಿದು ಬಂದಳು. ಹೊಸಿಲು ದಾಟಲಿಲ್ಲ, ಕೂರಲಿಲ್ಲ.

"ಭಾವ, ಒಂದೇ ಮಾತು ಕೇಳ್ತೀನಿ. ಅಕ್ಕ ಬೇಡ ಅಂದ್ಲಾ?"

ಜಕರಿ ಹೊಸಿಲು ದಾಟಿ ಅವಳೆದುರಿಗೆ ಬಂದ.

"ಅನ್ನೋದ್ರಲ್ಲಿದ್ಲು ಸುಜಾನ್. ನಾನೇ ಬಿಡ್ಲಿಲ್ಲ."