ಒಳಗಿದ್ದ ಹಲಗೆ

ಎಂಬತ್ತಮೂರರ ಬೇಸಿಗೆಯಲ್ಲಿ ಪಾಲೋ ಆಲ್ಟೋದ ಒಂದು ಮನೆ ಖಾಲಿಯಾಗುವಾಗ ವ್ಯಾಸರಾಜ ಆ ಊಟದ ಮೇಜನ್ನು ಕೊಂಡು ತಂದ. ತೇಗದ್ದು, ಡೆನ್ಮಾರ್ಕಿನಲ್ಲಿ ಮಾಡಿದ್ದು. ಹಾನ್ಸ್ ವೆಗ್ನರ್ ಎಂಬ ಹೆಸರಾಂತ ವಿನ್ಯಾಸಕಾರನ ಕೆಲಸವೆಂದು ಮಾರಿದ ಹೆಂಗಸು ಹೇಳಿದ್ದಳು. ತೀರಿಹೋದ ತನ್ನ ತಾಯಿ ಅದರ ಮುಂದೆ ಬಹಳ ವರ್ಷ ಒಬ್ಬಳೇ ಕೂತು ಊಟ ಮಾಡಿದಳೆಂದೂ ಹೇಳಿದ್ದಳು.

ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿಗೆ ಬಂದವರಿಗೆಲ್ಲ ವ್ಯಾಸರಾಜ ಅದರ ಕಾಲುಗಳ ಅಂದವನ್ನು ತೋರಿಸುತ್ತಿದ್ದ. ಅವನ ಹೆಂಡತಿ ನಿರುಪಮಾಳಿಗೆ ಆ ಮೇಜಿನಿಂದ ಬೇಕಾಗಿದ್ದದ್ದು ಒಂದೇ: ಅತ್ತೆ ತಮ್ಮಿಬ್ಬರ ಜೊತೆ ಕೂತು ಉಣ್ಣಬೇಕು.

ಅತ್ತೆ ಜಲಜಮ್ಮ ಮೈಸೂರಿನಿಂದ ಬಂದು ತಿಂಗಳಾಗಿತ್ತು. ಮಡಿಯವರು. ಮಗ ಸೊಸೆ ಮೇಜಿನಲ್ಲಿ ಉಂಡಾದ ಮೇಲೆ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಒಬ್ಬರೇ ಉಣ್ಣುತ್ತಿದ್ದರು. ಗಂಡ ಹೋದ ಮೇಲೆ ಕಡಿಮೆಯಾಗಿದ್ದ ಊಟ ಇಲ್ಲಿ ಒಂದು ಹಿಡಿ ಮೊಸರನ್ನಕ್ಕೆ ಇಳಿದಿತ್ತು. ಕೈಯ ಒಂಟಿ ಚಿನ್ನದ ಬಳೆ ಮೊಣಕೈವರೆಗೂ ಜಾರುತ್ತಿತ್ತು. ನಿರುಪಮಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಬಂದು ಪಾತ್ರೆಯ ಮುಚ್ಚಳ ತೆಗೆದರೆ ಬೆಳಗಿನ ಅನ್ನ ಹಾಗೆಯೇ ಇರುತ್ತಿತ್ತು. ಒಬ್ಬರೇ ಕೂತಾಗ ಹಸಿವು ತಾನಾಗಿ ಹಿಂದೆ ಸರಿಯುತ್ತದೆಂದು ಅವಳಿಗೆ ಹಾಸ್ಟೆಲಿನ ದಿನಗಳಿಂದ ಗೊತ್ತಿತ್ತು.

ಕರೆದರೆ ಜಲಜಮ್ಮ ಜಗಳವಾಡುತ್ತಿರಲಿಲ್ಲ. ಮೇಜು ಒಂದೇ ಹಲಗೆ, ಒಂದು ತುದಿ ಎಂಜಲಾದರೆ ಇಡೀ ಮೇಜೇ ಎಂಜಲು, ಹಿಂದೆ ಅದರ ಮೇಲೆ ಯಾರು ಏನು ತಿಂದಿದ್ದರೋ ಎಂದು ಮೆಲ್ಲಗೆ ಹೇಳುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ, ನೆಲದ ಮೇಲೆ ಕೂತು ಅನ್ನ ಕಲಸುತ್ತಿದ್ದ ಜಲಜಮ್ಮ ಕೈ ನಿಲ್ಲಿಸಿ ಬಾಗಿಲಾಚೆ ಕಾಣುವ ಮೇಜಿನ ಅಡಿಯನ್ನೇ ನೋಡಿದರು.

"ವ್ಯಾಸ, ನಿನ್ನ ಮೇಜಿನ ಹೊಟ್ಟೇಲಿ ಇನ್ನೊಂದು ಹಲಗೆ ಇದೆಯಲ್ಲೋ."

ಅದು ಸಪೋರ್ಟಿಗೆ ಕೊಟ್ಟಿದ್ದು, ಡಿಸೈನು ಎಂದು ವ್ಯಾಸರಾಜ ನಕ್ಕ.

"ಬಂದೋರಿಗೆಲ್ಲ ಕಾಲು ತೋರಿಸ್ತೀಯ. ಒಂದ್ಸಲ ಬಗ್ಗಿ ನೋಡಬಾರದಾ?"

ಅವನು ಮಂಡಿಯೂರಿ ಅಂಚನ್ನು ಹಿಡಿದು ಎಳೆದ. ಮೊದಲು ಬಿಗಿಯಿತ್ತು, ಆಮೇಲೆ ಇಡೀ ಹಲಗೆ ಜಾರಿ ಹೊರಗೆ ಬಂದು ಮೇಜಿಗೆ ಸಮನಾಗಿ ನಿಂತಿತು. ಮೇಜು ಬೆಲ್ಲದ ಪಾಕದ ಬಣ್ಣಕ್ಕಿದ್ದರೆ ಈ ಹಲಗೆ ಈಗ ತಾನೇ ಕೊಯ್ದ ಹಾಗೆ ತಿಳಿಯಾಗಿತ್ತು. ತೇಗ ಬೆಳಕಿಗೆ ಕಪ್ಪಾಗುತ್ತದೆ, ಇದು ಬೆಳಕನ್ನೇ ಕಂಡಿಲ್ಲ ಎಂದು ನಿರುಪಮಾ ಹೇಳಿದಳು. ಒಬ್ಬಳೇ ಉಣ್ಣುತ್ತಿದ್ದ ಆ ಮುದುಕಿ ಇದನ್ನು ಯಾರಿಗಾಗಿ ಎಳೆದಾಳು?

ಜಲಜಮ್ಮ ಕೈ ತೊಳೆದು ಬಂದರು. ಸೆರಗಿನಿಂದ ಒಂದು ದಾರ ಕಿತ್ತು ಎರಡು ಹಲಗೆಗಳ ನಡುವಿನ ಸಂದಿಗೆ ಇಳಿಸಿ, ಆ ಬದಿಯಿಂದ ಈ ಬದಿಗೆ ಎಳೆದರು. ದಾರ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಇದು ಬೇರೆ ಹಲಗೆ," ಎಂದರು. "ಇದರ ಮೇಲೆ ಯಾರೂ ಉಂಡಿಲ್ಲ, ಪಾಪ."

ಕೆಳಗೆ ಪಟ್ಟಿಗಳು ಎರಡು ಹಲಗೆಗಳನ್ನೂ ಸೇರಿಸಿವೆಯೆಂದು ಹೇಳಲು ಇಂಜಿನಿಯರ್ ವ್ಯಾಸರಾಜ ಬಾಯಿ ತೆರೆದ.

"ರೀ, ಫ್ರಿಜ್ಜಿಂದ ಉಪ್ಪಿನಕಾಯಿ ತಗೊಂಬನ್ನಿ," ಎಂದಳು ನಿರುಪಮಾ. ಅವನು ಅವಳ ಮುಖ ನೋಡಿ ಎದ್ದು ಹೋದ.

ಸಂಜೆ ಬೆಳಕಿರುವಾಗಲೇ ಜಲಜಮ್ಮ ತಮ್ಮ ಹಲಗೆಯ ಮೇಲೆ ನೀರು ಚಿಮುಕಿಸಿ ಒರೆಸಿದರು. ತಟ್ಟೆಯನ್ನೂ ತಮ್ಮ ಪಾಲಿನ ಅನ್ನ ಸಾರಿನ ಪಾತ್ರೆಗಳನ್ನೂ ಸಂದಿಯಿಂದ ಈಚೆಗೆ ಜೋಡಿಸಿಕೊಂಡು, ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕೂತರು. ಮೂರು ಕೈ ಅನ್ನ ಕಲಸುವ ಸದ್ದು ಮಾತ್ರ ಕೇಳಿಸುತ್ತಿತ್ತು. ಜಲಜಮ್ಮ ಎರಡನೇ ಸಲ ಸಾರು ಬಡಿಸಿಕೊಂಡಾಗ ನಿರುಪಮಾ ತಲೆಯೆತ್ತಲಿಲ್ಲ. ನೋಡಿದರೆ ಅವರು ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು.

ಊಟವಾದ ಮೇಲೆ ವ್ಯಾಸರಾಜ ಹಲಗೆಯನ್ನು ಮತ್ತೆ ಒಳಗೆ ತಳ್ಳಲು ಬಗ್ಗಿದ.

"ಇರಲಿ ಬಿಡೋ," ಎಂದರು ಜಲಜಮ್ಮ. "ಬೆಳಿಗ್ಗೆ ತಿಂಡಿಗೆ ಬೇಕು."