ಅನ್ನ ಮೆತ್ತಿದ ಮದ್ದಳೆಗಳು

ಅಮೆರಿಕದ ಫೇರ್‌ಫ್ಯಾಕ್ಸ್ ದೇವಸ್ಥಾನದ ಹಾಲ್‌ನಲ್ಲಿ ಸಂಗೀತ ಸಂಜೆ ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ವೇದಿಕೆ ಒಪ್ಪ ಮಾಡುತ್ತಿದ್ದ ವನಮಾಲಾಗೆ, ಅಂದು ನುಡಿಸಲು ಬಂದಿದ್ದ ಬರ್ಮಾದವರ ವಾದ್ಯ ನೋಡಿ ಮೈ ಉರಿಯಿತು. ದುಂಡನೆಯ ಮರದ ಚೌಕಟ್ಟಿಗೆ ತೂಗುಹಾಕಿದ್ದ ಪುಟ್ಟ ಮದ್ದಳೆಗಳ ಮೇಲೆಲ್ಲ ಅನ್ನ ಮೆತ್ತಿತ್ತು.

"ದೇವರ ಮುಂದೆ ಮುಸುರೆ! ಮಕ್ಕಳಿಗೆ ಅನ್ನ ತಿನ್ನಿಸೋಕೆ ಇದೇ ಜಾಗ ಬೇಕಿತ್ತಾ ಇವರಿಗೆ?" ಎಂದು ಗೊಣಗುತ್ತ, ಒದ್ದೆ ಪೇಪರ್ ಟವೆಲ್‌ನಿಂದ ಒಂದೊಂದನ್ನೂ ತಿಕ್ಕಿ ಒರೆಸಿದಳು.

ಕಾಫಿ ಕುಡಿದು ಬಂದ ವಾದಕ ಕೋ ತೆಟ್ ಒಂದು ಮದ್ದಳೆ ತಟ್ಟಿದ. ಇನ್ನೊಂದು ತಟ್ಟಿದ. ಯಾವುದೂ ಶ್ರುತಿಯಲ್ಲಿರಲಿಲ್ಲ. ಅನ್ನಕ್ಕೆ ಬೂದಿ ಕಲಸಿ, ಮಧ್ಯಾಹ್ನವೆಲ್ಲ ಕೂತು, ಪ್ರತಿಯೊಂದಕ್ಕೂ ಹಚ್ಚಿ ಶ್ರುತಿ ಮಾಡಿದ್ದೆ ಎಂದು ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ವನಮಾಲಾ ಕೈಯಲ್ಲಿದ್ದ ಟವೆಲನ್ನು ಬೆನ್ನ ಹಿಂದೆ ಅಡಗಿಸಿದಳು.

"ಐ ಆಮ್ ಸೋ ಸಾರಿ," ಎಂದಳು.

"ಸ್ವಲ್ಪ ಅನ್ನ ಸಿಗಬಹುದೇ?" ಎಂದಷ್ಟೇ ಕೇಳಿದ ಅವನು.

ಅಷ್ಟರಲ್ಲಿ ಮೃದಂಗ ಹೊತ್ತು ಬಂದ ಗಂಡ ರಾಘೋತ್ತಮ ಹಾಲ್‌ಗೆಲ್ಲ ಕೇಳುವಂತೆ ಕೂಗಿದ: "ವನಾ, ಶ್ರುತಿಗೆ ಅಂತ ಮೃದಂಗದ ಎಡಗಡೆಗೆ ಮೆತ್ತೋಕೆ ರವೆ ಕಲಸಿದ್ಯಲ್ಲಾ, ಎಲ್ಲಿಟ್ಟೆ?"

ಅವಳು ತಲೆಯೆತ್ತದೆ ಕೈ ತೋರಿಸಿದಳು. ಯಾರೂ ಮುಟ್ಟದಿರಲಿ ಎಂದು ಆ ಬಟ್ಟಲನ್ನು ದೇವರ ದೀಪದ ಪಕ್ಕದಲ್ಲೇ ಮುಚ್ಚಿಟ್ಟಿದ್ದಳು.